ಇದಲಿನಾಳ ಅರ್ಧ ತಿರುವು

ಇದಲಿನಾ ಯಾವುದನ್ನೂ ಪೂರ್ತಿ ತೆರೆದವಳಲ್ಲ. ಸಕ್ಕರೆ ಡಬ್ಬಿಯ ಮುಚ್ಚಳವನ್ನು ಒಂದು ಕಡೆ ಎತ್ತಿ ಚಮಚ ತೂರಿಸುವಳು. ಕಿಟಕಿಯ ಪರದೆಯನ್ನು ಅರ್ಧ ಸರಿಸುವಳು. ಅಸೋರ್ಸ್ ದ್ವೀಪದಲ್ಲಿ ಅವಳು ಹುಟ್ಟಿದ ಮನೆಯಲ್ಲಿ ಬೆಚ್ಚಗಿನ ಜಾಗವೆಂದರೆ ಒಲೆಯ ಮುಂದಿನ ಕಲ್ಲೊಂದೇ. ಅದರ ಮೇಲೂ ಅಣ್ಣತಮ್ಮ, ಅಕ್ಕತಂಗಿಯರು ಸರದಿಯಲ್ಲಿ ಕೂರಬೇಕಿತ್ತು. ಮದುವೆಯಾಗಿ ಅಮೆರಿಕದ ಫಾಲ್ ರಿವರ್ ಊರಿಗೆ ಬಂದು, ಮೂರಂತಸ್ತಿನ ಮರದ ಮನೆಯಲ್ಲಿ ಕೋಣೆಗೊಂದು, ಹಬೆಯಿಂದ ಕಾದು ಕೋಣೆ ಬೆಚ್ಚಗಿಡುವ ಕಬ್ಬಿಣದ ರೇಡಿಯೇಟರ್ ನಿಂತಿರುವುದನ್ನು ಕಂಡಾಗ ಅವಳಿಗೆ ಸಂತೋಷಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಯಾರೂ ಕೂರದ ಕೋಣೆಗೂ ಬಿಸಿಯೇ? ಅಂದಿನಿಂದ ಅವಳ ಕೈ ಸುಮ್ಮನಿರಲಿಲ್ಲ. ಕೋಣೆಯಿಂದ ಕೋಣೆಗೆ ಹೋಗುವಾಗ ಬಗ್ಗಿ, ರೇಡಿಯೇಟರಿನ ಬುಡದ ವಾಲ್ವನ್ನು ನಲ್ಲಿ ಸಣ್ಣ ಮಾಡುವಂತೆ ಅರ್ಧ ತಿರುಗಿಸಿಯೇ ಮುಂದೆ ಹೋಗುವಳು.

ಗಂಡ ಬೆಲ್ಮೀರೊ ಬಟ್ಟೆ ಗಿರಣಿಯಲ್ಲಿ ಬಣ್ಣ ಹಾಕುವ ವಿಭಾಗದಲ್ಲಿ ಹಬೆಯ ನಡುವೆಯೇ ದುಡಿದವನು. ಅವಳ ಹಿಂದೆಯೇ ಬಂದು ವಾಲ್ವನ್ನು ಮತ್ತೆ ತೆರೆಯುವನು.

"ಅದು ನೀರಿನ ನಲ್ಲಿ ಅಲ್ಲ ಮಾರಾಯ್ತಿ. ಇರೋದು ಒಂದೇ ಪೈಪು. ಹಬೆ ಅದ್ರಲ್ಲೇ ಹತ್ತಬೇಕು, ತಣ್ಣಗಾಗಿ ನೀರಾದ್ಮೇಲೆ ಅದ್ರಲ್ಲೇ ಬಾಯ್ಲರಿಗೆ ವಾಪಸ್ ಇಳೀಬೇಕು. ನೀನು ಅರ್ಧ ಮುಚ್ಚಿದ್ರೆ ಹಬೆ ಹೆಂಗೋ ನುಗ್ಗತ್ತೆ, ನೀರು ಎಲ್ಲಿಂದ ಇಳಿಯತ್ತೆ? ತೆಗೆದ್ರೆ ಪೂರ್ತಿ ತೆಗಿ. ಮುಚ್ಚಿದ್ರೆ ಪೂರ್ತಿ ಮುಚ್ಚು."

"ಪೂರ್ತಿಯಂತೆ ಪೂರ್ತಿ. ಬಾಯ್ಲರ್ ಉರಿಸೋಕೆ ನಿಮ್ಮಪ್ಪ ಎಣ್ಣೆ ಬಾವಿ ಬಿಟ್ಟು ಹೋಗಿದ್ನಾ?"

ಮೇಲಿನ ಅಂತಸ್ತಿನಲ್ಲಿ ಗಂಡ, ಕೂಸಿನೊಂದಿಗೆ ಇರುವ ಮಗಳು ಲಿಸೆಟ್ ಬಂದವರಿಗೆಲ್ಲ ಹೇಳಿ ನಗುವಳು: "ನಮ್ಮಮ್ಮ ಮುಂದೆ ಮುಚ್ಕೊಂಡು ಹೋಗ್ತಾಳೆ, ನಮ್ಮಪ್ಪ ಹಿಂದೆ ತೆಕ್ಕೊಂಡು ಬರ್ತಾನೆ. ಇಬ್ರದೂ ದಿನಾ ಮನೆಯೊಳಗೇ ಮೆರವಣಿಗೆ."

ಶನಿವಾರಗಳಲ್ಲಿ ಬೆಲ್ಮೀರೊ ನೆಲಮಾಳಿಗೆಗೆ ಇಳಿದು ಬಾಯ್ಲರಿನ ಪಕ್ಕದ ಒಂದು ಚಿಕ್ಕ ನಲ್ಲಿಯಿಂದ ಕೆಸರು ನೀರನ್ನು ಬಕೆಟ್ಟಿಗೆ ಬಿಡುವನು. ತಿಳಿ ನೀರು ಬಂದ ಮೇಲೆ ನಿಲ್ಲಿಸಿ, ಬಾಯ್ಲರಿನ ಮೈಗಂಟಿದ ಗಾಜಿನ ಕೊಳವೆಯಲ್ಲಿ ನೀರು ಎಷ್ಟಿದೆಯೆಂದು ನೋಡಿ ಮೇಲೆ ಬರುವನು. ಅದೆಲ್ಲ ಯಾತಕ್ಕೆಂದು ಇದಲಿನಾ ಕೇಳಲಿಲ್ಲ. ಒರೆಸಿದ ನೆಲದ ಮೇಲೆ ಕೆಸರು ಬಕೆಟ್ ತಂದನೆಂದು ಬೈಯುವುದೊಂದು ಅವಳಿಗೆ ಗೊತ್ತಿತ್ತು.

ಎಲೆ ಉದುರುವ ಕಾಲದಲ್ಲಿ ಬೆಲ್ಮೀರೊಗೆ ಲಕ್ವ ಹೊಡೆಯಿತು. ಬಲಗಡೆ ಪೂರಾ ಹೋಯಿತು, ಮಾತೂ ಹೋಯಿತು. ಒಂದು ಪದ ಮಾತ್ರ ಅದು ಹೇಗೋ ನಾಲಿಗೆಗೆ ಅಂಟಿಕೊಂಡು ಉಳಿಯಿತು: ಪೂರ್ತಿ. ಸೂಪು ಕೊಟ್ಟರೆ ಪೂರ್ತಿ, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿದರೆ ಪೂರ್ತಿ, ಬೆನ್ನು ಒರೆಸಿದರೂ ಪೂರ್ತಿ.

ಇಂಥವರನ್ನು ನೋಡಿಕೊಳ್ಳುವ ಆರೈಕೆ ಮನೆಗೆ ಸೇರಿಸಿ ಎಂದು ಆಸ್ಪತ್ರೆಯವರು ಹೇಳಿದರು. ಇದಲಿನಾ ಒಪ್ಪಲಿಲ್ಲ. ಕರೆದುಕೊಂಡು ಬಂದು ಮುಂದಿನ ಕೋಣೆಯಲ್ಲಿ, ದೊಡ್ಡ ರೇಡಿಯೇಟರಿನ ಪಕ್ಕ, ಬಾಡಿಗೆ ಮಂಚ ಹಾಕಿಸಿ ಮಲಗಿಸಿದಳು. ಮನೆಗೆ ಬಂದು ನೋಡಿ ಹೋಗುವ ದಾದಿ ಒಂದೇ ಷರತ್ತು ಹಾಕಿದಳು: ಈ ಕೋಣೆ ತಣ್ಣಗಾಗಬಾರದು. ಅವನ ಶ್ವಾಸಕೋಶ ಥಂಡಿ ತಡೆಯದು. ಬಿಸಿ ನಿಂತ ದಿನ ಅವನನ್ನು ಇಲ್ಲಿ ಇಟ್ಟುಕೊಳ್ಳಲು ಬಿಡುವುದಿಲ್ಲ.

ಅದನ್ನು ಅವಳು ಎದೆಯಲ್ಲಿಟ್ಟುಕೊಂಡಳು. ಮಿಕ್ಕ ಕೋಣೆಗಳ ಬಿಸಿಯೆಲ್ಲ ಅವನಿಗೇ ಹೋಗಲಿ ಎಂದು ಅಡುಗೆಮನೆ, ಹಿಂದಿನ ಕೋಣೆ, ಪಡಸಾಲೆ, ಎಲ್ಲ ಕಡೆ ವಾಲ್ವುಗಳನ್ನು ಅರ್ಧ ಮುಚ್ಚಿದಳು. ಹಿಂದೆ ಬಂದು ತೆರೆಯುವವರು ಈಗ ಯಾರೂ ಇರಲಿಲ್ಲ. ಲಿಸೆಟ್ ಕೂಸಿನ ಬಟ್ಟೆ ಒಣಗಿಸಲು ತಂದು ಹರಡುವ ಪಡಸಾಲೆಯ ರೇಡಿಯೇಟರ್ ಕೂಡ ಉಗುರುಬೆಚ್ಚಗಾಯಿತು. ಪೈಪುಗಳು ಸುತ್ತಿಗೆಯಲ್ಲಿ ಬಡಿದಂತೆ ಸದ್ದು ಮಾಡತೊಡಗಿದವು.

ಸದ್ದು ಕೇಳಿದಾಗೆಲ್ಲ ಬೆಲ್ಮೀರೊ ತಲೆಯೆತ್ತುವನು. ಎಡಗೈ ಮುಷ್ಟಿ ಮಾಡಿ ಗಾಳಿಯಲ್ಲಿ ತಿರುವುತ್ತ, "ಪೂರ್ತಿ. ಪೂರ್ತಿ," ಎನ್ನುವನು. ಕಣ್ಣಲ್ಲಿ ನೀರಾಡುವುದು.

ಇದಲಿನಾಗೆ ಕಂಡದ್ದು ಬೇರೆ. ಊರಲ್ಲಿ ಅವಳಮ್ಮ ಕೋಳಿಯ ಕತ್ತು ಮುರಿಯುತ್ತಿದ್ದದ್ದೂ ಹಾಗೇ, ಮುಷ್ಟಿಯಲ್ಲಿ ಹಿಡಿದು ಒಂದು ತಿರುವು. ನನ್ನ ಕತೆ ಪೂರ್ತಿಯಾಯಿತು, ಮುಗಿಸಿಬಿಡು ಎನ್ನುತ್ತಿದ್ದಾನೆ ಎಂದುಕೊಂಡಳು.

"ಏನೂ ಪೂರ್ತಿ ಆಗಿಲ್ಲ. ಬಾಯಿ ಮುಚ್ಕೊಂಡು ಸೂಪ್ ಕುಡಿ ಮಾರಾಯ."

"ಪೂರ್ತಿ."

"ನಿನ್ನನ್ನ ಕಳಿಸಿ ನಾನು ಯಾರ ಹತ್ರ ಜಗಳ ಆಡ್ಲಿ? ಆ ಮಾತು ಇನ್ನೊಂದ್ಸಲ ಆಡಿದ್ರೆ ನೋಡು."

ಅವನು ತೋರಿಸಿ ತೋರಿಸಿ ಸೋತು ಗೋಡೆಯ ಕಡೆ ಮುಖ ಮಾಡುವನು. ಅವಳು ಅಡುಗೆಮನೆಗೆ ಹೋಗಿ, ತಟ್ಟೆ ಸದ್ದಾಗುವಂತೆ ತೊಳೆಯುತ್ತ ಅಳುವಳು. ಬರುವಾಗ ದಾರಿಯ ವಾಲ್ವು ಇನ್ನೂ ಸ್ವಲ್ಪ ತಿರುಗಿಸಿ ಬರುವಳು.

ಜನವರಿಯಲ್ಲಿ ಮೂಗು ಸುಡುವ ಚಳಿ ಬಿತ್ತು. ಒಂದು ಬೆಳಿಗ್ಗೆ ದೊಡ್ಡ ರೇಡಿಯೇಟರ್ ಮೇಲೆ ಕೈಯಿಟ್ಟರೆ ಹೆಣದಂತೆ ತಣ್ಣಗಿತ್ತು. ಇದಲಿನಾ ನೆಲಮಾಳಿಗೆಗೆ ಇಳಿದಳು. ಸುಟ್ಟ ಕಬ್ಬಿಣದ ವಾಸನೆ. ಉರಿ ಹತ್ತಿಯೇ ಇತ್ತು, ಗಾಜಿನ ಕೊಳವೆಯಲ್ಲಿ ಮಾತ್ರ ತೊಟ್ಟು ನೀರಿರಲಿಲ್ಲ. ನೀರು ಕಡಿಮೆಯಾದರೆ ಉರಿಯನ್ನು ತಾನೇ ಆರಿಸಬೇಕಾದ ಸಾಧನ ಕೆಸರು ಕಟ್ಟಿ ಕೂತಿತ್ತು. ಎಷ್ಟೋ ಶನಿವಾರಗಳಿಂದ ಅದರ ಕೆಸರನ್ನು ಯಾರೂ ತೆಗೆದಿರಲಿಲ್ಲ. ಅವಳಿಗೆ ತೋಚಿದ್ದು ಒಂದೇ: ನೀರು ಬತ್ತಿದೆ, ನೀರು ಕೊಡಬೇಕು. ಮೇಲೆ ಅವನು ನಡುಗುತ್ತಿದ್ದಾನೆ. ಬಾಯ್ಲರಿಗೆ ನೀರು ಬಿಡುವ ನಲ್ಲಿಯನ್ನು ಹಿಡಿದು, ತಿರುಗುವಷ್ಟೂ ತಿರುಗಿಸಿ, ಪೂರ್ತಿ ತೆರೆದಳು.

ಕೆಂಪಗೆ ಕಾದ ಎರಕದ ಕಬ್ಬಿಣ ತಣ್ಣೀರು ಬಿದ್ದೊಡನೆ ಬಿರಿಯಿತು. ಮೆಟ್ಟಿಲೇ ಮುರಿದು ಬಿತ್ತೇನೋ ಎಂದು ಲಿಸೆಟ್ ಕೂಸನ್ನೆತ್ತಿಕೊಂಡು ಓಡಿ ಬಂದಳು. ಬೆಲ್ಮೀರೊ ಮಂಚದಲ್ಲೇ ಸದ್ದು ಕೇಳಿ ಕಣ್ಣು ಮುಚ್ಚಿಕೊಂಡಿದ್ದ.

ಮಧ್ಯಾಹ್ನ ಅವನನ್ನು ಆಂಬುಲೆನ್ಸಿನಲ್ಲಿ ಆರೈಕೆ ಮನೆಗೆ ಒಯ್ದರು. "ಬಾಯ್ಲರ್ ಆಗೋವರೆಗೆ ಅಷ್ಟೇ," ಎಂದು ಇದಲಿನಾ ಅವನ ಕಿವಿಯಲ್ಲಿ ಹೇಳಿದಳು.

ರಪೋಸೊ ಬಂದದ್ದು ಮರುದಿನ. ಬಾಯ್ಲರ್ ಕೆಲಸದವನು, ಲಿಸೆಟ್‌ಳ ಜ್ಞಾನಸ್ನಾನಕ್ಕೆ ಧರ್ಮತಂದೆಯಾಗಿ ನಿಂತವನು. ಆ ನಂಟಿನಿಂದ ಇದಲಿನಾ ಅವನಿಗೆ ಕೊಮಾದ್ರೆ, ಅಂದರೆ ಬೀಗಿತಿಗೆ ಸಮ. ಬಿರಿದ ಬಾಯ್ಲರನ್ನು ಸುತ್ತ ತಿರುಗಿ ನೋಡಿದ. ಮೇಲೆ ಬಂದು ಹಿಂದಿನ ಕೋಣೆಯ ರೇಡಿಯೇಟರನ್ನು ಅಲುಗಾಡಿಸಿದ. ಒಳಗೆ ಅರ್ಧ ಕೊಡದಂತೆ ನೀರು ತುಳುಕಿ ಸದ್ದಾಯಿತು.

"ಕೊಮಾದ್ರೆ, ನಿಮ್ಮ ನೀರು ಎಲ್ಲೂ ಹೋಗಿಲ್ಲ. ಎಲ್ಲಾ ಇಲ್ಲೇ ಕೂತಿದೆ, ಕೆಳಗಿಳಿಯೋಕೆ ದಾರಿ ಇಲ್ದೆ. ಅರ್ಧ ಮುಚ್ಚಿದೋರು ಯಾರು?"

ಇದಲಿನಾ ತನ್ನ ಬಲಗೈಯನ್ನು ಮುಷ್ಟಿ ಮಾಡಿ ಒಮ್ಮೆ ಗಾಳಿಯಲ್ಲಿ ತಿರುವಿ ನೋಡಿದಳು. ಆಮೇಲೆ ಆ ಕೋಣೆಯಲ್ಲಿದ್ದ ತನ್ನ ಮಂಚದ ತುದಿಗೆ ಕೂತಳು.

"ಅಮ್ಮ?" ಎಂದಳು ಲಿಸೆಟ್.

"ಅವನು ಹೇಳಿದ್ದ. ದಿನಾ ಹೇಳ್ತಿದ್ದ."

ಒಳಗಿನ ನೀರು ರಾತ್ರಿಯ ಚಳಿಗೆ ಹೆಪ್ಪುಗಟ್ಟಿ ಪಡಸಾಲೆಯ ರೇಡಿಯೇಟರ್ ಆಗಲೇ ಸೀಳಿತ್ತು. ಅಡುಗೆಮನೆಯದೂ ಅಷ್ಟೇ. ರಪೋಸೊ ಟೋಪಿ ತೆಗೆದು ಕೂತ. "ಎರಡು ದಾರಿ ಇದೆ. ಹಬೆ ಬಿಟ್ಬಿಟ್ಟು ಬಿಸಿನೀರು ಸುತ್ತೋದು ಹಾಕಿಸ್ಬಹುದು. ಅದ್ರಲ್ಲಿ ವಾಲ್ವು ಅರ್ಧ ತಿರುವಿದ್ರೂ ಚಿಂತೆ ಇಲ್ಲ, ಆದ್ರೆ ಪೈಪೆಲ್ಲಾ ಬದಲಾಯಿಸ್ಬೇಕು. ಇಲ್ಲಾ ಹಬೇನೇ ಇಟ್ಕೊಳ್ಳಿ. ಮನೆ ಅಳತೆ ನೋಡಿ ಬಾಯ್ಲರ್ ಮಾರೋರ ಹತ್ರ ಹೋಗ್ಬೇಡಿ. ಇರೋ ರೇಡಿಯೇಟರಷ್ಟನ್ನೂ ಕೂಡಿಸಿ, ಅಷ್ಟಕ್ಕೆ ಸಾಲೋವಂಥದ್ದು ತರೋಣ."

"ಯಾವ್ದು ಬೇಗ ಆಗತ್ತೆ?"

"ಹಬೆ."

"ಹಬೇನೇ ಇರ್ಲಿ. ಆ ಬುಸ್ ಸದ್ದು ಕೇಳ್ದಿದ್ರೆ ಅವನಿಗೆ ಇದು ತನ್ನ ಮನೆ ಅಂತ ಗೊತ್ತಾಗಲ್ಲ."

ಬೇಗ ಆಗಲಿಲ್ಲ. ಸೀಳಿದ ರೇಡಿಯೇಟರುಗಳ ಬದಲಿಗೆ ಹಳೆಯವನ್ನು ಹುಡುಕಿ ತರುವಷ್ಟರಲ್ಲಿ ಬೆಲ್ಮೀರೊಗೆ ನ್ಯುಮೋನಿಯಾ ಆಯಿತು. ಜೀವ ಉಳಿಯಿತು, ಆದರೆ ಗಂಟಲಲ್ಲಿ ಏನೂ ಇಳಿಯದಾಗಿ ಹೊಟ್ಟೆಗೆ ನಳಿಗೆ ಹಾಕಿದರು. ಇನ್ನು ಮನೆಯಲ್ಲಿ ನೋಡಿಕೊಳ್ಳುವ ಮಾತೇ ಇಲ್ಲ ಎಂದರು ಡಾಕ್ಟರು. ಬಾಡಿಗೆ ಮಂಚದವರು ಬಂದು ಮಂಚ ಬಿಚ್ಚಿಕೊಂಡು ಹೋದರು.

ಹೊಸ ಬಾಯ್ಲರ್ ಹತ್ತಿದ ದಿನ ಇದಲಿನಾ ಆರೈಕೆ ಮನೆಗೆ ಹೋಗಿ ಅವನ ಎಡಗೈ ಹಿಡಿದುಕೊಂಡಳು. ಆ ಕೋಣೆಗೆ ಬಿಸಿಗಾಳಿ ಬರುತ್ತಿದ್ದದ್ದು ಚಾವಣಿಯ ಜಾಲರಿಯಿಂದ. ನೋಡಲು ಒಂದು ವಾಲ್ವು ಕೂಡ ಇರಲಿಲ್ಲ.

"ಎಲ್ಲಾ ಪೂರ್ತಿ ತೆಗೆದಿದೀನಿ," ಎಂದಳು. "ಶನಿವಾರ ಕೆಸರೂ ತೆಗೀತೀನಿ, ರಪೋಸೊ ತೋರಿಸ್ಕೊಟ್ಟ. ಕೇಳಿಸ್ತಾ? ಪೂರ್ತಿ."

ಅವನ ತುಟಿಯನ್ನೇ ನೋಡುತ್ತ ಕಾದಳು. ಅವನು ಜಾಲರಿಯ ಕಡೆ ನೋಡುತ್ತಿದ್ದ. ಆ ಪದವೂ ಈಗ ಹೋಗಿತ್ತು.

ಈಸ್ಟರಿಗೆ ಸಿಹಿ ಬ್ರೆಡ್ಡು ಮಾಡಲು ಹಿಟ್ಟು ನಾದಿ, ಊರಿನ ಪದ್ಧತಿಯಂತೆ ಪಾತ್ರೆಗೆ ಕಂಬಳಿ ಹೊದಿಸಿ ಮುಂದಿನ ಕೋಣೆಯಲ್ಲಿಟ್ಟಳು. ಮಂಚವಿದ್ದ ಜಾಗದಲ್ಲಿ ಹಿಟ್ಟು ಲಗುಬಗೆಯಿಂದ ಉಬ್ಬಿ ಅಂಚು ದಾಟಿತು. ಕೆಳಗೆ ಬಂದ ಲಿಸೆಟ್ ಕೂಸಿನ ಸ್ವೆಟರ್ ಬಿಚ್ಚಿದಳು.

"ಅಮ್ಮ, ಬೆವರಿಳೀತಿದೆ. ಸ್ವಲ್ಪ ಮುಚ್ಚಬಾರ್ದಾ?"

"ಸ್ವಲ್ಪ ಅನ್ನೋದು ಇದಕ್ಕಿಲ್ಲ," ಎಂದಳು ಇದಲಿನಾ. ಕೂಸನ್ನು ತೆಗೆದುಕೊಂಡು, ರೇಡಿಯೇಟರಿನ ಪಕ್ಕ ಕುರ್ಚಿ ಎಳೆದು, ಅಂಗಿಯ ತೋಳಿನಲ್ಲೇ ಕುತ್ತಿಗೆ ಒರೆಸಿಕೊಳ್ಳುತ್ತ ಕೂತಳು.