ದೊಪ್ಪಣ್ಣ ಕೊನೆಯ ಸಲ ಬಿದ್ದದ್ದು

ರಾಜರ ಕಾಲದ ಕತ್ತಿವರಸೆ ಸಿನಿಮಾಗಳಲ್ಲಿ ಅವಳ ಗಂಡನಿಗೆ ಇಪ್ಪತ್ತು ವರ್ಷದಿಂದ ಒಂದೇ ಪಾತ್ರ: ನಾಯಕನ ಒಂದೇ ಒದೆಗೆ ದೊಪ್ಪನೆ ಬೀಳುವ ಪೆದ್ದು ಸೈನಿಕ. ಸ್ಟುಡಿಯೋದವರಿಗೆಲ್ಲ ಅವನು ದೊಪ್ಪಣ್ಣ. ಅವನ ಅಂಗಿಯೊಳಗೆ ಹತ್ತಿಯ ಮೆತ್ತೆ ಇಟ್ಟು ಹೊಲಿದುಕೊಡುತ್ತಿದ್ದವಳು ಅವಳೇ. ಕೊನೆಯ ಸಿನಿಮಾದಲ್ಲಿ ಅವನು ಕೋಟೆಗೋಡೆಯಿಂದ ಹುಲ್ಲಿನ ಗಾಡಿಯ ಮೇಲೆ ಬೀಳಬೇಕಿತ್ತು. ಎತ್ತು ಬೆದರಿ ಗಾಡಿ ಮುಂದಕ್ಕೆ ಹೋಯಿತು. ನೆಲಕ್ಕೆ ಬಿದ್ದವನು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ. ನಿರ್ದೇಶಕ ಆ ದೃಶ್ಯವನ್ನು ಹಾಗೆಯೇ ಉಳಿಸಿಕೊಂಡ.

ಸಿನಿಮಾ ಬಂದಾಗ ಗಂಡನೇ, "ನೋಡ್ಕೊಂಡು ಬಾ ಹೋಗು," ಎಂದು ಅವಳನ್ನು ಕಳಿಸಿದ. ಅವನು ಬೀಳುವ ಹೊತ್ತಿಗೆ ಕಣ್ಣು ಮುಚ್ಚಿಕೊಳ್ಳಬೇಕೆಂದೇ ಅವಳು ಕೂತಿದ್ದಳು. ಆದರೆ ಗಾಡಿ ಜಾರಿದ್ದನ್ನು ಕಂಡು ಗಾಳಿಯಲ್ಲೇ ಅವನು ಬಿಟ್ಟ ಬಾಯಿ ನೋಡಿದಾಗ, ಇಡೀ ಥಿಯೇಟರಿನ ಜೊತೆ ಅವಳಿಗೂ ನಗು ಉಕ್ಕಿಬಂತು. ಮರುಗಳಿಗೆ ಬಾಯಿಗೆ ಕೈ ಒತ್ತಿಕೊಂಡು ಹೊರಗೆ ಓಡಿದಳು.

"ಜನ ನಕ್ರಾ?" ಮಲಗಿದ್ದಲ್ಲಿಂದಲೇ ಗಂಡ ಕೇಳಿದ.

"ಹೊಟ್ಟೆ ಹಿಡ್ಕೊಂಡು ನಕ್ರು."

"ನೀನು?"

ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. "ನಾನೂ ನಕ್ಬಿಟ್ಟೆ ಕಣ್ರೀ," ಎಂದು ಬಿಕ್ಕಿದಳು.

"ಹಾಗಾದ್ರೆ ಬಿದ್ದಿದ್ದು ದಂಡ ಆಗ್ಲಿಲ್ಲ ಬಿಡು," ಎಂದು ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಆಮೇಲೆ ಅವಳು ಊಟ ತಂದಿಟ್ಟು ಎಷ್ಟು ಕರೆದರೂ ಈಚೆ ತಿರುಗಲಿಲ್ಲ.