ವಿಮಾನ ಅಂಟಿಸಲಿಕ್ಕೂ ಪರ್ಮಿಟ್ಟು

ಕಳೆದ ಶುಕ್ರವಾರ ಬೆಳಿಗ್ಗೆ ಕುವೈತಿನ ಮಂಗಫ್‌ನಲ್ಲಿರುವ ನನ್ನ ಅಕ್ಕನ ಮನೆಯ ಹಾಲ್‌ನಲ್ಲಿ ಒಂದು ವಿಮಾನ ಜೋಡಿಸಬೇಕಿತ್ತು. ಪ್ಲಾಸ್ಟಿಕ್ ವಿಮಾನ. ಎರಡು ಅಂಗೈ ಒಟ್ಟಿಗಿಟ್ಟರೆ ಅದರ ಮೇಲೆ ನಿಲ್ಲುವಷ್ಟು ದೊಡ್ಡದು. ಅದರ ಮೊದಲ ತುಂಡು ಅಂಟಿಸುವ ಮುಂಚೆ ನನ್ನ ಭಾವ ಎ.ಸಿ. ಬಂದ್ ಮಾಡಿದರು. ಕಿಟಕಿ ತೆರೆದರು. ಅಡುಗೆಮನೆಯ ಗ್ಯಾಸ್ ಆರಿಸಿದರು. ಆಮೇಲೆ ನಮ್ಮೆಲ್ಲರನ್ನೂ ಸೋಫಾದ ಮುಂದೆ ಸಾಲಾಗಿ ನಿಲ್ಲಿಸಿ, ಬೆಂಕಿ ಹತ್ತಿಕೊಂಡರೆ ಯಾವ ಬಾಗಿಲಿನಿಂದ ಹೊರಗೆ ಓಡಬೇಕು ಎಂದು ವಿವರಿಸಿದರು.

ಆ ಫ್ಲ್ಯಾಟಿಗೆ ಇರುವುದೇ ಒಂದು ಬಾಗಿಲು.

ನನ್ನ ಭಾವ ಗಣೇಶ್, ಮೀನಾ ಅಬ್ದುಲ್ಲಾ ಎಂಬಲ್ಲಿನ ತೈಲ ರಿಫೈನರಿಯಲ್ಲಿ ಸೇಫ್ಟಿ ಆಫೀಸರ್. ಅಲ್ಲಿ ಪರ್ಮಿಟ್ಟಿಗೆ ಅವರ ಸಹಿ ಬೀಳದೆ ಯಾರೂ ಒಂದು ನಟ್ಟು ಬಿಚ್ಚುವಂತಿಲ್ಲ. ವಿಮಾನದ ಡಬ್ಬಿಯಲ್ಲಿದ್ದ ಗಮ್ ಟ್ಯೂಬಿನ ಬೆನ್ನ ಮೇಲೆ ಕೆಂಪು ಬೆಂಕಿಯ ಗುರುತು ಇತ್ತು. ಮುಗಿಯಿತು ಕಥೆ. ಭಾವ ಕನ್ನಡಕ ಏರಿಸಿದರು. ಆ ಟ್ಯೂಬು ನನ್ನ ಕಿರುಬೆರಳಿಗಿಂತ ಸಣ್ಣದು ಎಂದು ನಾನು ತೋರಿಸಿದೆ. ಅವರು ಕಿರುಬೆರಳನ್ನೂ ಟ್ಯೂಬನ್ನೂ ಒಟ್ಟಿಗೆ ನೋಡಿ, ದೊಡ್ಡ ಬೆಂಕಿ ಎಲ್ಲ ಸಣ್ಣದರಿಂದಲೇ ಶುರುವಾಗುವುದು ಎಂದರು.

ಈ ಎಲ್ಲದರ ಮೂಲಪುರುಷ ನಾನೇ. ಡಬ್ಬಿ ತಂದವನು ನಾನು. ಅಕ್ಕನ ಮಗ ಅಥರ್ವನಿಗೆ ಹಿಂದಿನ ಸಂಜೆ ಎಂಟು ತುಂಬಿತ್ತು. ಬಂದ ಉಡುಗೊರೆಗಳ ರಾಶಿಯಲ್ಲಿ ಅವನು ಮೊದಲು ಎತ್ತಿಕೊಂಡದ್ದು ನನ್ನ ಡಬ್ಬಿಯನ್ನು. ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದನಂತೆ. ಬೆಳಿಗ್ಗೆ ನಾನು ಹವಲ್ಲಿಯಿಂದ ಬಸ್ಸು ಹಿಡಿದು ಬರುವಷ್ಟರಲ್ಲಿ ಹಲ್ಲೂ ಉಜ್ಜದೆ ಬಾಗಿಲಲ್ಲಿ ನಿಂತಿದ್ದ. "ಮಾಮ, ಐ ವಿಲ್ ಡು ಇಟ್ ಮೈಸೆಲ್ಫ್, ಓಕೆ?" ಓಕೆ ಅಂದೆ. ಮಾಮನಾಗಿ ಮಾತು ಕೊಟ್ಟೆ.

(ನಾನು ಟ್ರಾವೆಲ್ ಏಜೆನ್ಸಿಯ ಕೌಂಟರಿನಲ್ಲಿ ಕೂತು ದಿನವಿಡೀ ಜನರಿಗೆ ಮಾತು ಕೊಡುವವನು. ಕಿಟಕಿಯ ಪಕ್ಕದ ಸೀಟೇ ಸಿಗುತ್ತದೆ ಎನ್ನುತ್ತೇನೆ. ನಂಬುತ್ತಾರೆ ಪಾಪ.)

ಡ್ರೋನು, ರಿಮೋಟ್ ಕಾರು, ಮಾತಾಡುವ ಡೈನೋಸಾರ್ ಎಲ್ಲ ಸಿಗುವ ಊರಿನಲ್ಲಿ ಈ ತುಂಡುತುಂಡು ವಿಮಾನ ಯಾಕೆ ತಂದೆ ಎಂದು ನೀವು ಕೇಳಬಹುದು. ಹವಲ್ಲಿಯ ಆಟಿಕೆ ಅಂಗಡಿಯವನೂ ಅದನ್ನೇ ಕೇಳಿದ. ಡಬ್ಬಿಯ ಮೇಲಿನ ಧೂಳು ಒರೆಸುತ್ತ, ನನ್ನ ಮನಸ್ಸು ಬದಲಾಗುವುದರೊಳಗೆ ಬಿಲ್ಲು ಮಾಡಿ ಕೈಗಿಟ್ಟ.

ಯಾಕೆಂದರೆ, ನಾಸ್ಟಾಲ್ಜಿಯಾ ಸ್ವಾಮಿ. ಇನ್ನೂ ಮೂವತ್ತು ದಾಟದವನಿಗೆ ಎಂತ ನಾಸ್ಟಾಲ್ಜಿಯಾ ಎಂದು ನಗಬೇಡಿ. ಗಡ್ಡಕ್ಕಿಂತ ಮುಂಚೆ ಅದು ಬರುತ್ತದೆ ಈಗಿನವರಿಗೆ.

ನಾನು ಸಣ್ಣವನಿದ್ದಾಗ ನಮ್ಮ ಚಿಕ್ಕಪ್ಪ ಇದೇ ಕುವೈತಿನಲ್ಲಿದ್ದರು. ಎರಡು ವರ್ಷಕ್ಕೊಮ್ಮೆ ಕಾರ್ಕಳಕ್ಕೆ ಬರುತ್ತಿದ್ದರು. ಸೂಟ್‌ಕೇಸ್ ತೆರೆದರೆ ಸೋಪಿನ ವಾಸನೆ, ಸೆಂಟಿನ ವಾಸನೆ, ನೋವಿನ ಮುಲಾಮಿನ ವಾಸನೆ. ಅಡಿಯಲ್ಲಿ ನನಗೊಂದು ವಿಮಾನ. ಪ್ರತಿ ಸಲವೂ ವಿಮಾನ. ಮಕ್ಕಳಿಗೆ ಬೇರೆ ಆಟಿಕೆ ಕೂಡ ಇರುತ್ತವೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲವೋ, ಏರ್‌ಪೋರ್ಟಿನಲ್ಲಿ ಕೊನೆಗಳಿಗೆಯಲ್ಲಿ ನೆನಪಾಗಿ ಕಣ್ಣೆದುರು ಇದ್ದುದನ್ನೇ ಎತ್ತಿಕೊಳ್ಳುತ್ತಿದ್ದರೋ, ದೇವರೇ ಬಲ್ಲ. ಕೀಲಿ ಕೊಟ್ಟರೆ ಓಡುವ ವಿಮಾನ. ಬ್ಯಾಟರಿ ಹಾಕಿದರೆ ಕೆಂಪು ದೀಪ ಮಿನುಗಿಸಿ ಕಿರುಚುವ ವಿಮಾನ. ಒಂದು ವರ್ಷ, ಬಿಡಿಬಿಡಿ ತುಂಡುಗಳಲ್ಲಿ ಬಂದ ವಿಮಾನ. ಜೋಡಿಸಬೇಕು, ಅಂಟಿಸಬೇಕು, ಸ್ಟಿಕ್ಕರ್ ಹಚ್ಚಬೇಕು. ಡಬ್ಬಿಯ ಮೇಲೆ ಮೋಡದ ನಡುವೆ ಅದು ಹೋಗುವ ಚಿತ್ರ. ಆ ಚಿತ್ರ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಚಾವಡಿಯಲ್ಲಿ ಚಾಪೆ ಹಾಸಿ ಅದನ್ನು ಜೋಡಿಸಿದರು. ಯಾರು? ಚಿಕ್ಕಪ್ಪ. ಅವರಿಗೆ ಸಲಹೆ ಕೊಡಲು ಅಪ್ಪ. ಅಪ್ಪನ ಸಲಹೆ ತಪ್ಪು ಎನ್ನಲು ಪಕ್ಕದ ಮನೆಯ ಮಾಸ್ಟ್ರು. ನನಗೂ ಒಂದು ಮುಖ್ಯ ಜವಾಬ್ದಾರಿ ಕೊಟ್ಟಿದ್ದರು. ಗಮ್ ಟ್ಯೂಬಿನ ಮುಚ್ಚಳ ಹಿಡಿದುಕೊಳ್ಳುವುದು. ಕಳೆದುಹೋದೀತು, ಗಟ್ಟಿ ಹಿಡಿ ಎಂದರು. ಹಿಡಿದೆ. ಸಂಜೆ ವಿಮಾನ ಸಿದ್ಧವಾಗಿ ನೇರ ಶೋಕೇಸಿನೊಳಗೆ ಹೋಯಿತು, ಗಾಜಿನ ತಾಜಮಹಲಿನ ಪಕ್ಕ. ಶೋಕೇಸಿನ ಕೀಲಿ ಅಜ್ಜಿಯ ಸೆರಗಿನಲ್ಲಿ. ಫಾರಿನ್ ಸಾಮಾನು ಮಕ್ಕಳ ಕೈಗೆ ಕೊಡುವುದುಂಟೇ? ಮನೆಗೆ ಬಂದ ನೆಂಟರಿಗೆಲ್ಲ ಅದನ್ನು ತೋರಿಸಿ, "ನಮ್ಮ ಪುಳ್ಳಿಗೆ ಬಂದದ್ದು" ಎನ್ನುತ್ತಿದ್ದರು. ಆ ಪುಳ್ಳಿಯೂ, ಅಂದರೆ ಈ ಮೊಮ್ಮಗನೂ, ನೆಂಟರ ಜೊತೆ ನಿಂತು ಗಾಜಿನ ಹೊರಗಿನಿಂದ ನೋಡುತ್ತಿದ್ದ.

ಇದು ನಮ್ಮ ಸುವರ್ಣ ಬಾಲ್ಯ. ಆ ಕಾಲವೇ ಚೆನ್ನ ಎಂದು ವಾಟ್ಸಾಪಿನಲ್ಲಿ ದಿನ ಬೆಳಗಾದರೆ ಕಣ್ಣೀರು ಹಾಕುವವರನ್ನು ಒಮ್ಮೆ ಕೇಳಬೇಕು: ನಿಮ್ಮ ಆಟಿಕೆಯನ್ನು ಆಡಿದ್ದು ಯಾರು?

ಹಾಗಾಗಿ ಅಥರ್ವನಾದರೂ ತನ್ನ ಕೈಯಿಂದಲೇ ಒಂದು ವಿಮಾನ ಮಾಡಲಿ ಎಂಬುದು ನನ್ನ ಆಸೆ. ದೊಡ್ಡ ಆಸೆಯೇನೂ ಅಲ್ಲ.

ಸರಿ, ಮಂಗಫ್‌ಗೆ ವಾಪಸ್ ಬನ್ನಿ. ಕಿಟಕಿ ತೆರೆದಿದೆ, ಎ.ಸಿ. ಬಂದ್ ಆಗಿದೆ. ಹೊರಗಿನ ಕುವೈತ್ ಪೂರ್ತಿ ಒಳಗೆ ಬಂದು ಸೋಫಾದಲ್ಲಿ ಕೂತಿದೆ. ಭಾವ ಪೇಪರ್ ಹಾಸಿದರು, ಗ್ಲೌಸ್ ಹಾಕಿದರು. ರೆಕ್ಕೆಯ ತುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಅಥರ್ವ ಕೈಚಾಚಿದ. ಭಾವ ಅವನಿಗೆ ಒಂದು ಬಕೆಟ್ ನೀರು ಕೊಟ್ಟು ಪಕ್ಕದಲ್ಲಿ ನಿಲ್ಲಿಸಿದರು.

ರಿಫೈನರಿಯಲ್ಲಿ ಬೆಂಕಿಯ ಕೆಲಸ ನಡೆಯುವಾಗ ಒಬ್ಬ ಏನೂ ಮಾಡದೆ, ಬರೀ ನೋಡುತ್ತ ನಿಲ್ಲಬೇಕಂತೆ. ಫೈರ್ ವಾಚ್ ಎನ್ನುತ್ತಾರೆ. ಹುಟ್ಟುಹಬ್ಬದ ಹುಡುಗ ಫೈರ್ ವಾಚ್ ಆದ.

ಅಷ್ಟು ಹೊತ್ತಿಗೆ ಮೇಲಿನ ಫ್ಲ್ಯಾಟಿನ ರಾವ್ ಸರ್ ಪೇಪರ್ ಕೇಳಲು ಬಂದರು. ಮೈಸೂರಿನವರು, ಡಿಸೈನ್ ಎಂಜಿನಿಯರ್. ಪೇಪರು ವಿಮಾನದ ಅಡಿಯಲ್ಲಿತ್ತು. ಬಗ್ಗಿ ನೋಡಿದರು. ಡಬ್ಬಿಯೊಳಗಿನ ಸೂಚನೆಯ ಹಾಳೆ ಎತ್ತಿಕೊಂಡರು. ಆಮೇಲೆ ನಿಧಾನಕ್ಕೆ ಹೇಳಿದರು, "ಗಣೇಶ್, ಈ ಡ್ರಾಯಿಂಗೇ ಸರಿ ಇಲ್ಲ ಕಣ್ರೀ."

ಚಪ್ಪಲಿ ಬಿಟ್ಟು ಕೂತೇಬಿಟ್ಟರು. ಮೇಲಿನಿಂದ ಸ್ಟೀಲ್ ಸ್ಕೇಲು ಬಂತು. ರೆಕ್ಕೆ ಎಷ್ಟು ಏರಿರಬೇಕು ಎಂಬ ಬಗ್ಗೆ ಇಬ್ಬರಿಗೂ ಚರ್ಚೆ. ಇವರು ಪ್ರೊಸೀಜರ್ ಎನ್ನುತ್ತಾರೆ, ಅವರು ಟಾಲರೆನ್ಸ್ ಎನ್ನುತ್ತಾರೆ. ನಡುವೆ ನನ್ನ ಸೋದರಳಿಯ ಬಕೆಟ್ ಹಿಡಿದು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ.

ನನಗೆ ಸಹನೆ ಮುಗಿಯಿತು. ಸಹನೆ ಮುಗಿದಾಗ ನಾನು ಮಾಡುವುದು ಒಂದೇ, ಮಿಮಿಕ್ರಿ. ಕನ್ನಡ ಕೂಟದ ಸ್ಟೇಜಿನಲ್ಲಿ ಮಾಡುವುದನ್ನೇ ಹಾಲ್‌ನಲ್ಲಿ ಮಾಡಿದೆ. ಎದ್ದು ನಿಂತು, ಹೊಟ್ಟೆ ಮುಂದೆ ಮಾಡಿ, ಭಾವನ ದನಿಯಲ್ಲಿ ಇಡ್ಲಿ ತಿನ್ನುವ ಮುಂಚಿನ ಸೇಫ್ಟಿ ಭಾಷಣ ಕೊಟ್ಟೆ. ಸಾಂಬಾರ್ ಬಿಸಿ ಇದೆ, ಎಲ್ಲರೂ ಹೆಲ್ಮೆಟ್ ಹಾಕಿ. ಬೆನ್ನಿಗೇ ರಾವ್ ಸರ್ ದನಿಯಲ್ಲಿ, ಇಡ್ಲಿಯ ಸೆಂಟರೇ ಸೆಂಟರಿನಲ್ಲಿಲ್ಲ ಕಣ್ರೀ ಎಂದೆ. ಅಥರ್ವ ನಕ್ಕ ರಭಸಕ್ಕೆ ಅರ್ಧ ಬಕೆಟ್ ಕಾರ್ಪೆಟ್ಟಿಗೆ ಹೋಯಿತು.

ಭಾವ ತಲೆ ಎತ್ತಲಿಲ್ಲ. "ನಗು ಮಾರಾಯ, ನಗು. ಸುಟ್ಟ ಮೇಲೆ ಗೊತ್ತಾಗ್ತದೆ ನಿಂಗೆ."

ಒಪ್ಪಿಕೊಳ್ಳುತ್ತೇನೆ, ಅವರು ಹೀಗಿರುವುದರಿಂದಲೇ ಎಷ್ಟೋ ಜನ ಸಂಜೆ ಕಂಪನಿ ಬಸ್ಸಿನಲ್ಲಿ ಮನೆಗೆ ಬಂದು ಕೈತೊಳೆದು ಊಟಕ್ಕೆ ಕೂರುತ್ತಾರೆ. ಆದರೆ ಇದು ಹಾಲ್ ಕಣ್ರೀ, ರಿಫೈನರಿ ಅಲ್ಲ!

ಬಾಗಿಲಲ್ಲಿ ಅಕ್ಕ ಬಂದು ನಿಂತಳು. ಒಲೆ ಆರಿದ್ದರಿಂದ ತಿಂಡಿ ಆಗಿಲ್ಲ, ಹಣೆಯಿಂದ ಬೆವರು ಇಳಿಯುತ್ತಿದೆ, ಕಾರ್ಪೆಟ್ ಒದ್ದೆ. ಒಮ್ಮೆ ಗಂಡನನ್ನು, ಒಮ್ಮೆ ರಾವ್ ಸರ್ ಅವರನ್ನು, ಕೊನೆಗೆ ನನ್ನನ್ನು ನೋಡಿದಳು. "ಮಗುವಿಗೆ ಬಂದ ಗಿಫ್ಟಿನಲ್ಲಿ ನಿಮಗೆಲ್ಲ ಎಂತ ಕೆಲಸ?" (ಅವಳು ಹೇಳಿದ್ದು ತುಳುವಿನಲ್ಲಿ. ಕನ್ನಡಕ್ಕೆ ಬರುವಾಗ ಅರ್ಧ ಖಾರ ಸೋರಿಹೋಗಿದೆ.)

ಆಗ ನೋಡಿದರೆ ಬಾಲವೊಂದು ಬಿಟ್ಟು ಉಳಿದದ್ದೆಲ್ಲ ಮುಗಿದಿತ್ತು. ಬಾಲವನ್ನಾದರೂ ಹುಡುಗನಿಗೆ ಬಿಡಿ ಎಂದು ನಾನು ವಾದಿಸಿದೆ. ಮಾತು ಕೊಟ್ಟಿದ್ದೇನೆ ಎಂದೆ. ಒಮ್ಮೆ ಅಂಟಿದರೆ ಮತ್ತೆ ಬಿಡಿಸಲಾಗುವುದಿಲ್ಲ, ತಪ್ಪಾದರೆ ಖಲಾಸ್ ಎಂದರು ಭಾವ. ತಪ್ಪಾದರೆ ಆಗಲಿ ಎಂದೆ. ಬಾಲ್ಯದ ಬಗ್ಗೆ, ಕೈಗಳ ಬಗ್ಗೆ, ಮಕ್ಕಳ ಸ್ವಾತಂತ್ರ್ಯದ ಬಗ್ಗೆ ಸಣ್ಣ ಭಾಷಣವನ್ನೂ ಬಿಗಿದೆ. ನನ್ನ ಸ್ವಂತ ದನಿಯಲ್ಲೇ. ಚೆನ್ನಾಗಿತ್ತು. ರಾವ್ ಸರ್ ತಲೆದೂಗಿದರು.

ಅಥರ್ವ ಬಕೆಟ್ ಇಟ್ಟ. ಕೂತ. ನಾಲಿಗೆಯ ತುದಿ ಹೊರಗೆ ಹಾಕಿ, ಉಸಿರು ಬಿಗಿಹಿಡಿದು ಗಮ್ ಒತ್ತಿದ. ಜಾಸ್ತಿ ಬಂತು. ಬಾಲವನ್ನು ಎತ್ತಿ ಹತ್ತಿರ ತಂದ. ಸ್ವಲ್ಪ ಎಡಕ್ಕೆ ವಾಲಿತ್ತು. ಇನ್ನೂ ಸ್ವಲ್ಪ ವಾಲಿತು.

ಒಂದು ಕೈ ಮುಂದೆ ಬಂದು ಅದನ್ನು ಅವನ ಬೆರಳುಗಳಿಂದ ಕಿತ್ತುಕೊಂಡಿತು. "ಕೊಡು ಇಲ್ಲಿ. ಹಾಗಲ್ಲ ಅದು, ನಿಂಗೆ ಗೊತ್ತಾಗುದಿಲ್ಲ."

ಭಾವನ ಕೈಯಲ್ಲ. ರಾವ್ ಸರ್ ಕೈಯೂ ಅಲ್ಲ.

ಅಥರ್ವ ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ನಕ್ಕ. "ಮಾಮ, ದಿಸ್ ಒನ್ ಈಸ್ ನ್ಯೂ. ಹೂ ಈಸ್ ಇಟ್?"

ಮಿಮಿಕ್ರಿ ಅಂದುಕೊಂಡಿದ್ದ.

ಅದು ನಮ್ಮ ಚಿಕ್ಕಪ್ಪನ ದನಿ. ಮೂಗಿನಲ್ಲಿ ಶುರುವಾಗಿ ಗಂಟಲಲ್ಲಿ ಮುಗಿಯುವ ಆ ದನಿಯನ್ನು ಹಿಡಿಯಲು ವರ್ಷಗಟ್ಟಲೆ ಕನ್ನಡಿಯ ಮುಂದೆ ಒದ್ದಾಡಿದ್ದೇನೆ, ಬಂದಿರಲಿಲ್ಲ. ಪ್ರಯತ್ನವೇ ಇಲ್ಲದೆ, ಇಷ್ಟು ಸಲೀಸಾಗಿ, ಅದೂ ಇಂಥ ಹೊತ್ತಿನಲ್ಲಿ ಬರಬೇಕೇ? ಬಾಲವನ್ನು ಅವನ ಕೈಯಲ್ಲೇ ವಾಪಸ್ ಇಟ್ಟು, ನನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿ ಅವುಗಳ ಮೇಲೆ ಕೂತೆ.

ನೋಡಿ, ನಾವು ಕೊಡುವ ರೀತಿಯೇ ಇಷ್ಟು. ಬಣ್ಣದ ಪೆನ್ಸಿಲ್ ಕೊಟ್ಟು ಮುಗಿಸಬೇಡ ಎನ್ನುತ್ತೇವೆ. ಬ್ಯಾಟ್ ಕೊಟ್ಟು ಕಾರುಗಳಿವೆ, ಹೊರಗೆ ಆಡಬೇಡ ಎನ್ನುತ್ತೇವೆ. ನಮಗೆ ಸಿಗದೇ ಹೋದ ಸೀಟನ್ನು ಮಗುವಿನ ಹೆಸರಿನಲ್ಲಿ ಬುಕ್ ಮಾಡಿ, ವಿಮಾನ ಹೊರಡುವ ಹೊತ್ತಿಗೆ ನಾವೇ ಹೋಗಿ ಕೂರುತ್ತೇವೆ.

ಅಥರ್ವ ಬಾಲ ಅಂಟಿಸಿದ. ಸೊಟ್ಟಗೆ. ಚೂರುಪಾರು ಸೊಟ್ಟ ಅಲ್ಲ, ಬಾಗಿಲಲ್ಲಿ ನಿಂತ ಅಕ್ಕನಿಗೂ ಕಾಣುವಷ್ಟು. ರಾವ್ ಸರ್ ಹಲ್ಲಿನ ನಡುವಿನಿಂದ ಉಸಿರೆಳೆದರು. ಭಾವನ ಗ್ಲೌಸು ಮೇಲೆದ್ದಿತು. ಅಕ್ಕ "ಹ್ಞೂಂ" ಎಂದಳು, ಅಷ್ಟೇ. ಗ್ಲೌಸು ಕೆಳಗಿಳಿಯಿತು.

ಗಮ್ ಒಣಗುವವರೆಗೂ ಹುಡುಗ ಅದನ್ನು ಬೆರಳಿನಲ್ಲಿ ಒತ್ತಿ ಹಿಡಿದಿದ್ದ. ಕೊನೆಗೆ ಭಾವನಿಗೆ ತಡೆಯಲಾಗಲಿಲ್ಲ. "ಅಲ್ಲ ಮಗಾ, ಬಾಲ ಹೀಗಿದ್ರೆ ಅದು ಹಾರುದು ಹೇಗೆ?"

"ಪಪ್ಪಾ," ಅಥರ್ವ ತಂದೆಯನ್ನು ಬಹಳ ಕನಿಕರದಿಂದ ನೋಡಿದ, "ಇಟ್ ಡಸಂಟ್ ಫ್ಲೈ. ಇಟ್ಸ್ ಎ ಟಾಯ್."

ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಮುಗಿದಿಲ್ಲ. ಅದೇನೋ ದ್ರಾವಣ ಹಚ್ಚಿದರೆ ಗಮ್ ಬಿಡುತ್ತದೆ, ಬರುವ ಶುಕ್ರವಾರ ನೇರ ಮಾಡೋಣ ಎಂದು ರಾವ್ ಸರ್ ನನಗೆ ಮೆಸೇಜ್ ಕಳಿಸಿದ್ದಾರೆ. ಆ ದ್ರಾವಣ ಮನೆಯೊಳಗೆ ತರುವಂತಿಲ್ಲ, ಟೆರೇಸಿನಲ್ಲಿ ಮಾಡಬಹುದು ಎಂದು ಭಾವ ಫೋನ್ ಮಾಡಿದ್ದರು. ನನಗೂ, ಸತ್ಯ ಹೇಳಬೇಕೆಂದರೆ, ಕಣ್ಣು ಮುಚ್ಚಿದರೆ ಆ ಬಾಲವೇ ಕಾಣುತ್ತದೆ. ಎಂಟು ವರ್ಷದವನೊಬ್ಬ ಮಾತ್ರ ಅದನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಹಾಯಾಗಿ ನಿದ್ದೆ ಮಾಡುತ್ತಿದ್ದಾನೆ.

ಹಾರದ ವಿಮಾನದ ಬಾಲ ಸೊಟ್ಟಗಿದ್ದರೆ, ಬೀಳುವವರು ಯಾರು ಸ್ವಾಮಿ?