ಗಿಟಾರಿಗೊಂದು ಪಕ್ಕವಾದ್ಯ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ತರೀಕೆರೆಯ ಒಂದು ಲ್ಯಾಬಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲಿಂದ ಜನರ ತೋಳಿನಿಂದ ರಕ್ತ ತೆಗೆಯುತ್ತಿದ್ದೇನೆ. ಅಲ್ಲಿ ನನ್ನನ್ನು ‘ಗದರೋ ಅಕ್ಕ’ ಅಂತಲೇ ಕರೆಯುವುದು. “ಮುಷ್ಟಿ ಹಿಡೀರಿ. ಅಲ್ಲಾಡ್ಬೇಡಿ. ಬಿಡಿ.” ದಿನವಿಡೀ ನಾನು ಆಡುವ ಮಾತು ಹೆಚ್ಚುಕಡಿಮೆ ಇಷ್ಟೇ. ಸೂಜಿ ಕಂಡ ಕೂಡಲೇ ಎಲ್ಲರೂ ಮುಖ ಆ ಕಡೆ ತಿರುಗಿಸುತ್ತಾರೆ, ಹಾಗಾಗಿ ನನ್ನ ಮುಖ ನೋಡಿ ಮಾತಾಡುವವರು ಕಡಿಮೆ. ಸಂಜೆ ಬಸ್ಸು ಹಿಡಿದು ಅಜ್ಜಂಪುರಕ್ಕೆ ಬಂದು ಮಹಡಿಯ ಮೇಲಿನ ಬಾಡಿಗೆ ಮನೆಯ ಬೀಗ ತೆಗೆದರೆ ಆ ಮೂರು ಮಾತೂ ಇಲ್ಲ. ನಾನು ಮದುವೆಯಾಗಲಿಲ್ಲ. ಯಾಕೆ ಅಂತ ಕೇಳುವವರಿಗೆ ಒಂದು ಖಡಕ್ ಉತ್ತರ ಸಿದ್ಧವಾಗಿಟ್ಟುಕೊಂಡಿದ್ದೆ. ನಲವತ್ತೈದು ದಾಟಿದ ಮೇಲೆ ಕೇಳುವುದನ್ನೇ ಬಿಟ್ಟರು. ತಮ್ಮ ಪಂಚನಹಳ್ಳಿಯಲ್ಲಿ ತೆಂಗಿನ ತೋಟ ನೋಡಿಕೊಂಡಿದ್ದಾನೆ. ಹಬ್ಬಕ್ಕೆ ಕರೆಯುತ್ತಾನೆ. ಹೋಗಿ, ಉಂಡು, ಸಂಜೆ ಬಸ್ಸಿಗೇ ಹೊರಟು ಬರುತ್ತೇನೆ.

ಮೂರು ವರ್ಷದ ಹಿಂದೆ ನನ್ನ ಫ್ರಿಜ್ಜು ಕೆಟ್ಟಿತು. ಕಂಪನಿಗೆ ಫೋನ್ ಮಾಡಿದರೆ ಒಂದು ಹೆಣ್ಣು ದನಿ ಏನೋ ಹೇಳಿ ಮರೆಯಾಯಿತು, ಆಮೇಲೆ ಗಿಟಾರು ಶುರುವಾಯಿತು. ಅರ್ಧ ಗಂಟೆ ಗಿಟಾರು. ಮೊದಲ ಹತ್ತು ನಿಮಿಷ ಅವರ ಮನೆ ಹಾಳಾಗ ಅಂತ ಬೈದುಕೊಂಡೆ. ಆಮೇಲೆ ಬೈಗುಳ ನಿಂತು ಕಿವಿ ಅತ್ತ ಹೋಯಿತು. ಅದಕ್ಕೆ ಅವಸರವೇ ಇರಲಿಲ್ಲ. ನಾಲ್ಕೈದು ಸ್ವರ ಮೆಲ್ಲಗೆ ಜಾರಿ ಬರುವುದು, ಸುಮ್ಮನಾಗುವುದು, ಮತ್ತೆ ಇನ್ನೆಲ್ಲಿಂದಲೋ ಬರುವುದು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಫ್ರಿಜ್ಜು ರಿಪೇರಿಯಾದ ಮೇಲೂ ಎರಡು ಸಲ ಅದೇ ನಂಬರಿಗೆ ಫೋನ್ ಮಾಡಿ ಕೂತು ಕೇಳಿದೆ. ಮೂರನೇ ಸಲ ಯಾರೋ ಎತ್ತಿಯೇ ಬಿಟ್ಟರು. “ಏನೂ ಇಲ್ಲ, ರಾಂಗ್ ನಂಬರ್” ಅಂತ ಅವರನ್ನೇ ಗದರಿ ಇಟ್ಟೆ.

ಲ್ಯಾಬಿನ ಡಾಕ್ಟರಿಗೆ ಬಾಯಲ್ಲೇ ಅದನ್ನು ಗುನುಗಿ ತೋರಿಸಿದೆ. “ಅದು ಸ್ಮೂತ್ ಜಾಝ್ ಕಣ್ರೀ, ಲಿಫ್ಟ್‌ನಲ್ಲೆಲ್ಲ ಹಾಕ್ತಾರಲ್ಲ” ಅಂದರು. ನಾನು ಜೀವನದಲ್ಲಿ ಲಿಫ್ಟ್ ಹತ್ತಿದ್ದೇ ಎರಡು ಸಲ, ಎರಡು ಸಲವೂ ಸ್ಟ್ರೆಚರಿನ ಹಿಂದೆ. ಅಲ್ಲಿ ಯಾವ ಗಿಟಾರೂ ಕೇಳಿರಲಿಲ್ಲ.

ಕಡೂರಿನಲ್ಲಿ ತಬಲ, ಹಾರ್ಮೋನಿಯಂ ರಿಪೇರಿ ಮಾಡುವ ಒಂದು ಚಿಕ್ಕ ಅಂಗಡಿ ಇದೆ. ಅಲ್ಲಿ ಒಂದು ಗಿಟಾರು ಧೂಳು ಹಿಡಿದು ಮೊಳೆಗೆ ನೇತಾಡುತ್ತಿತ್ತು. “ಮಗಳಿಗಾ?” ಅಂತ ಕೇಳಿದ ಅಂಗಡಿಯವನು. “ನಂಗೆ” ಅಂದೆ. ಅವನು ನನ್ನನ್ನೂ ಗಿಟಾರನ್ನೂ ಒಂದೊಂದು ಸಲ ನೋಡಿ ತಂತಿ ಬದಲಾಯಿಸಿಕೊಟ್ಟ. ಬಸ್ಸಿನಲ್ಲಿ ಬೀರೂರು ದಾಟುವಷ್ಟರಲ್ಲಿ ಮೂರು ಜನ ವಿಚಾರಿಸಿದರು. ಒಬ್ಬಾಕೆಗೆ ಅದು ವೀಣೆ, ಇನ್ನೊಬ್ಬಾಕೆಗೆ ತಂಬೂರಿ. ಕಂಡಕ್ಟರ್ ಮಾತ್ರ, “ಅದ್ನ ಕೆಳಗಿಡಮ್ಮ, ಮನುಷ್ಯರು ಕೂರ್ಲಿ” ಅಂದ. ಇಡಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ಅಜ್ಜಂಪುರದವರೆಗೂ ಮುಖ ಗಂಟಿಕ್ಕಿಕೊಂಡು ಬಂದೆ.

ಮೊಬೈಲಿನಲ್ಲಿ ಒಬ್ಬ ಬೋಳುತಲೆಯ ಮೇಷ್ಟ್ರು ಸಿಕ್ಕಿದ. ಯಾವ ದೇಶದವನೋ, ಅವನಿಗೆ ನಾನು ಗೊತ್ತಿಲ್ಲ. ಅವನು ಲಿಕ್ ಅಂತ ಕಲಿಸುತ್ತಾನೆ. ನಮ್ಮ ಕಡೆ ಹಾಡುವವರು ಸಂಗತಿ ಅನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ: ನಾಲ್ಕೈದು ಸ್ವರದ ಒಂದು ತುಣುಕು. ತಂತಿಯ ಮೇಲೆ ಬೆರಳನ್ನು ಒತ್ತಿ ಜಾರಿಸಬೇಕು, ತುದಿಯಲ್ಲಿ ಸ್ವಲ್ಪ ನಡುಗಿಸಬೇಕು. ಆಮೇಲೆ, ಇದನ್ನು ಅವನು ಹೇಳದ ಪಾಠವಿಲ್ಲ, ಸುಮ್ಮನಿರಬೇಕು. ಒಂದು ಲಿಕ್ ನುಡಿಸಿದ ಮೇಲೆ ಜಾಗ ಖಾಲಿ ಬಿಡಬೇಕಂತೆ. ಖಾಲಿ ಬಿಡುವುದರಲ್ಲಿ ನಾನು ಮೊದಲಿಂದಲೂ ಹುಷಾರು, ಅದೊಂದು ಬೇಗ ಬಂತು. ಜಾರಿಸುವುದಕ್ಕೆ ಒಂದು ವರ್ಷ ಹಿಡಿಯಿತು.

ನಡುವೆ ಒಂದು ತಾಪತ್ರಯವಾಯಿತು. ರಕ್ತ ತೆಗೆಯುವವರು ಎಡಗೈ ತೋರುಬೆರಳಿನಿಂದ ನರ ಮುಟ್ಟಿ ನೋಡಿ, ಬಲಗೈಯಲ್ಲಿ ಸೂಜಿ ಹಾಕುತ್ತೇವೆ. ತಂತಿ ಒತ್ತಿ ಒತ್ತಿ ನನ್ನ ಆ ಬೆರಳ ತುದಿ ಗಟ್ಟಿಯಾಗಿಬಿಟ್ಟಿತು. ಎಮ್ಮೆದೊಡ್ಡಿ ಕಡೆಯ ಒಬ್ಬ ಅಜ್ಜಿಯ ತೋಳಿನಲ್ಲಿ ಎರಡು ಸಲ ನರ ತಪ್ಪಿಸಿದೆ. ಅಷ್ಟು ವರ್ಷದಲ್ಲಿ ಹಾಗಾಗಿರಲಿಲ್ಲ. ಅಜ್ಜಿ, “ಹೋಗ್ಲಿ ಬಿಡವ್ವ, ನಂದೇ ನರ ಸರಿಗಿಲ್ಲ” ಅಂತ ನನಗೇ ಸಮಾಧಾನ ಹೇಳಿದಳು. ಅಂದಿನಿಂದ ಬಲಗೈಯಲ್ಲಿ ಮುಟ್ಟಿ ನೋಡಿ ಆಮೇಲೆ ಸೂಜಿ ಎತ್ತಿಕೊಳ್ಳುತ್ತೇನೆ. ಗಿಟಾರು ಬಿಡಬೇಕು ಅಂತ ಮಾತ್ರ ಅನ್ನಿಸಲಿಲ್ಲ.

ಏಳು ಲಿಕ್ ಬಂದವು. ಅವುಗಳಿಗೆ ಕೆಳಗಿಂದ ಆಧಾರ ಬೇಕು, ಯಾರಾದರೂ ಎರಡು ಕಾರ್ಡ್, ಅಂದರೆ ಮೂರು ನಾಲ್ಕು ಸ್ವರ ಒಟ್ಟಿಗೆ, ಹಿಡಿದುಕೊಂಡಿರಬೇಕು. ಅದಕ್ಕೂ ಮೊಬೈಲಿನಲ್ಲಿ ರೆಡಿ ಟ್ರ್ಯಾಕ್ ಸಿಗುತ್ತದೆ. ಹಾಕಿಕೊಂಡು ನುಡಿಸಿದೆ. ಚೆನ್ನಾಗಿ ನುಡಿಸಿದರೂ ಅದು ಹಾಗೇ ಹೋಗುತ್ತದೆ, ಎಡವಿದರೂ ಹಾಗೇ ಹೋಗುತ್ತದೆ, ಗಿಟಾರು ಕೆಳಗಿಟ್ಟು ಅನ್ನಕ್ಕಿಡಲು ಎದ್ದು ಹೋದರೂ ಹಾಗೇ ಹೋಗುತ್ತಿರುತ್ತದೆ. ಒಂದು ದಿನ ಅಡುಗೆಮನೆಯಲ್ಲಿ ನಿಂತು ಅದನ್ನು ಕೇಳಿದೆ. ನನ್ನ ಜೊತೆ ಒಬ್ಬ ಮನುಷ್ಯ ಕೂತು ನುಡಿಸಬೇಕು. ಒಂದೇ ಒಂದು ಸಲವಾದರೂ ಸರಿ. ನನಗೆ ಬೇಕಾದದ್ದು ಅಷ್ಟೇ ಅನ್ನುವುದು ಆವತ್ತು ತಿಳಿಯಿತು, ತಿಳಿದು ಭಯವೂ ಆಯಿತು.

ನನ್ನ ಮನೆಯ ಕೆಳಗೆ ಒಬ್ಬ ದರ್ಜಿಯ ಅಂಗಡಿ. ವಯಸ್ಸು ಎಪ್ಪತ್ತರ ಹತ್ತಿರ, ಹಣೆ ತುಂಬ ವಿಭೂತಿ, ಕೊರಳಿಗೆ ಅಳತೆಯ ಟೇಪು. ಪ್ರತಿ ಸೋಮವಾರ ಸಂಜೆ ಮಠದ ಹಜಾರದಲ್ಲಿ ವಚನದ ಭಜನೆ ನಡೆಯುತ್ತದೆ, ಅದಕ್ಕೆ ಐವತ್ತು ವರ್ಷದಿಂದ ಹಾರ್ಮೋನಿಯಂ ಅವರದ್ದೇ. ಒಂದು ಭಾನುವಾರ ನಾನು ಬಟ್ಟೆ ಒಣಹಾಕುವಾಗ ಕೆಳಗಿಂದ ಕೂಗಿದರು.

“ಏನಮ್ಮ, ದಿನಾ ಒಂದೇ ಕಡೆ ಎಡವ್ತೀಯಲ್ಲ ನೀನು?”

ಮೈಯೆಲ್ಲ ಉರಿಯಿತು. ಆದರೆ ಅವರು ಹೇಳಿದ್ದು ಸರಿ, ಐದನೇ ಲಿಕ್ಕಿನಲ್ಲಿ ದಿನಾ ಎಡವುತ್ತಿದ್ದೆ. ಅದನ್ನು ಒಬ್ಬರು ಕೇಳಿಸಿಕೊಂಡಿದ್ದರು. ಅರ್ಧ ಗಂಟೆ ಯೋಚಿಸಿ ಕೆಳಗಿಳಿದು ಹೋಗಿ, “ಯಜಮಾನ್ರೇ, ನಿಮ್ಮ ಪೆಟ್ಟಿಗೆ ತಗೊಂಡು ಒಂದ್ಸಲ ಮೇಲೆ ಬರ್ತೀರಾ?” ಅಂತ ಕೇಳಿದೆ.

ಬಂದರು. ಅವರ ಹಾರ್ಮೋನಿಯಂ ಶ್ರುತಿ ಒಂದು ಕೂದಲು ಮೇಲಿತ್ತು, ಗಿಟಾರನ್ನೇ ಅದಕ್ಕೆ ಏರಿಸಿಕೊಂಡೆ. ಪೆಟ್ಟಿಗೆಯ ಕರಿ-ಬಿಳಿ ಮನೆಗಳಲ್ಲಿ ಈ ನಾಲ್ಕು ಒಟ್ಟಿಗೆ ಒತ್ತಿ, ಎಂಟು ಎಣಿಸಿ, ಆಮೇಲೆ ಈ ನಾಲ್ಕು, ಅಂತ ತೋರಿಸಿಕೊಟ್ಟೆ. “ಇಷ್ಟೇನಾ?” ಅಂದರು. ಇಷ್ಟೇ. ಶುರು ಮಾಡಿದೆವು. ಒಂದು ಲಿಕ್ ನುಡಿಸಿ ಖಾಲಿ ಬಿಟ್ಟೆ. ಅವರ ಬೆರಳು ಮನೆ ಬಿಟ್ಟು ಎದ್ದು ನನ್ನ ಲಿಕ್ಕಿನ ಹಿಂದೆಯೇ ಓಡಿಬಂತು. ನಾನು ನುಡಿಸಿದ್ದನ್ನೇ ಅರ್ಧ ಮಾತ್ರೆ ಹಿಂದೆ, ಇನ್ನೂ ದುಂಡಗೆ ನುಡಿಸಿ, ‘ಹೂಂ, ಮುಂದೆ ಹೋಗು’ ಅನ್ನುವ ಹಾಗೆ ನನ್ನ ಮುಖ ನೋಡಿದರು.

“ಹಾಗಲ್ಲ ಯಜಮಾನ್ರೇ. ನೀವು ಅಲ್ಲೇ ಇರ್ಬೇಕು.”

“ಹಾಡೋರ ಹಿಂದೆ ಹೋಗ್ದೆ ಹೆಂಗಮ್ಮ ಇರಾದು? ನಡುವೆ ಕೈ ಬಿಟ್ಟಂಗೆ ಆಗಲ್ವಾ?”

ನಾಲ್ಕು ಭಾನುವಾರ ಇದೇ ಆಯಿತು. ಪಾಪ, ಅವರು ಮಾಡುತ್ತಿದ್ದದ್ದು ಪಕ್ಕವಾದ್ಯದವರು ತಲೆತಲಾಂತರದಿಂದ ಮಾಡಿಕೊಂಡು ಬಂದದ್ದೇ. ಐವತ್ತು ವರ್ಷದ ಕೈ ಅದು, ಎರಡು ಕಾರ್ಡಿನಲ್ಲಿ ನಿಲ್ಲು ಅಂದರೆ ನಿಂತೀತೇ? ನಾನು ಖಾಲಿ ಬಿಟ್ಟ ಜಾಗವನ್ನೆಲ್ಲ ತುಂಬುತ್ತಿದ್ದರು. ಎಡವಿದರೆ ಸರಿಯಾದ ಸ್ವರ ಹಿಡಿದು ನನ್ನನ್ನು ದಾಟಿಸುತ್ತಿದ್ದರು. ಐದನೇ ಭಾನುವಾರ ನನಗೆ ರೇಗಿಹೋಯಿತು.

“ನನ್ನ ಹಿಂದೆ ಯಾಕೆ ಬರ್ತೀರಿ? ಬರ್ಬೇಡಿ ಅಂತ ಎಷ್ಟು ಸಲ ಹೇಳ್ಲಿ? ಈ ಸಂಗೀತದಲ್ಲಿ ಮನುಷ್ಯನ್ನ ಅವನ ಪಾಡಿಗೆ ಬಿಡ್ಬೇಕು. ಬಿಡೋಕೆ ಬರ್ದಿದ್ರೆ ನಂಗೆ ಮೊಬೈಲೇ ಸಾಕು.”

ಇದನ್ನೆಲ್ಲ ಲ್ಯಾಬಿನ ದನಿಯಲ್ಲಿ ಹೇಳಿದೆ. ಅವರು ತಿದಿ ಮಡಚಿ ಕೊಕ್ಕೆ ಹಾಕಿದರು. “ಆಯ್ತು ಕಣಮ್ಮ” ಅಂತ ಪೆಟ್ಟಿಗೆ ಮುಚ್ಚಿದರು. ಮುಗಿಯಿತು, ಇನ್ನು ಬರುವುದಿಲ್ಲ ಅಂದುಕೊಂಡೆ. ಆ ವಾರವೆಲ್ಲ ಅಂಗಡಿಯ ಮುಂದೆ ಹಾಯುವಾಗ ತಲೆ ತಗ್ಗಿಸಿಕೊಂಡು ಹೋದೆ.

ಬಂದರು. ಬಂದು ಹೇಳಿದ ಹಾಗೆಯೇ ಕೂತರು. ನಾಲ್ಕು ಮನೆ, ಎಂಟು ಎಣಿಕೆ, ಮತ್ತೆ ನಾಲ್ಕು ಮನೆ. ಕಣ್ಣನ್ನು ಬೆರಳ ಮೇಲೆ ನೆಟ್ಟಿದ್ದರು, ತುಟಿ ಎಣಿಸುತ್ತಿತ್ತು. ಒಂದೇ ಒಂದು ಬೆರಳೂ ಮಿಸುಕಲಿಲ್ಲ. ನಾನು ಲಿಕ್ ನುಡಿಸಿದೆ, ಖಾಲಿ ಬಿಟ್ಟೆ. ಖಾಲಿ ಖಾಲಿಯಾಗಿಯೇ ಉಳಿಯಿತು. ಐದನೆಯದರಲ್ಲಿ ಎಡವಿದೆ, ಎಡವಿದ್ದು ಹಾಗೇ ಬಿದ್ದಿತ್ತು. ಬೇಡಿದ್ದು ಅಕ್ಷರಶಃ ಸಿಕ್ಕಿತ್ತು. ಕಾಲು ಗಂಟೆಯಾದ ಮೇಲೆ, “ಸರಿಯಾಯ್ತಾಮ್ಮ?” ಅಂತ ಕೇಳಿದರು. “ಸರಿಯಾಯ್ತು” ಅಂದೆ. ಅವರು ಮೆಟ್ಟಿಲಿಳಿದು ಹೋದ ಮೇಲೆ ನನಗೆ ಅಳು ಬಂತು. ಯಾಕೆ ಅಂತ ಆಗ ಗೊತ್ತಾಗಲಿಲ್ಲ. ಗೊತ್ತಾಗಿದ್ದರೂ ಇಳಿದು ಹೋಗಿ ಹೇಳುವ ಬಾಯಿ ನನಗೆಲ್ಲಿತ್ತು?

ಹೀಗೇ ಎರಡು ತಿಂಗಳು ನಡೆಯಿತು. ಒಂದು ಸೋಮವಾರ ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಅವರು ಅಂಗಡಿಯಿಂದ ಹೊರಗೆ ಬಂದು ನಿಲ್ಲಿಸಿದರು. ಭಜನೆಯಲ್ಲಿ ಹಾಡುವ ಮೇಷ್ಟ್ರ ಗಂಟಲು ಕಟ್ಟಿಹೋಗಿದೆ, ಸಂಜೆ ತಾವೇ ಹಾಡಬೇಕು ಅಂದರು.

“ನಾನು ಯಾವತ್ತೂ ಮುಂದೆ ನಿಂತು ಹಾಡ್ದೋನಲ್ಲ. ಬಾಯಿ ತೆಗದ್ರೆ ಕೈ ನಿಂತೋಗ್ತದೆ. ನಿನ್ ಗಿಟಾರ್ ತಗೊಂಡು ಬಾರಮ್ಮ. ನಾನು ಒಂದು ಸಾಲು ಹಾಡ್ತೀನಿ, ನೀನು ಹಿಂದೇನೆ ಬಾ. ಅಷ್ಟು ಮಾಡು ಸಾಕು.”

ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಸಂಜೆ ಬೇಗ ಬಂದು ಸೀರೆ ಬದಲಾಯಿಸಿ ಹೊರಟೆ. ಹಜಾರದಲ್ಲಿ ಇಪ್ಪತ್ತೈದು ಜನ ಇದ್ದಿರಬಹುದು. ತಾಳ ಹಿಡಿದ ಇಬ್ಬರು ಹೆಂಗಸರು ನನಗೆ ಜಾಗ ಬಿಟ್ಟರು. ಯಜಮಾನರು ಹಾರ್ಮೋನಿಯಂ ಮುಚ್ಚಿ ಪಕ್ಕಕ್ಕಿಟ್ಟು, ಗಂಟಲು ಸರಿಮಾಡಿಕೊಂಡು ಒಂದು ವಚನ ಎತ್ತಿಕೊಂಡರು. ತೆಳ್ಳನೆಯ ದನಿ, ಅಂಚಿನಲ್ಲಿ ಒಡೆದದ್ದು. ಮೊದಲ ಸಾಲು ಮುಗಿಸಿ ನಿಲ್ಲಿಸಿ ನನ್ನ ಕಡೆ ನೋಡಿದರು.

ನಾನು ನನ್ನ ಎರಡನೇ ಲಿಕ್ ನುಡಿಸಿದೆ.

ಅದರಷ್ಟಕ್ಕೆ ಅದು ಚೆನ್ನಾಗಿಯೇ ಬಂತು. ಆದರೆ ಅವರ ಸಾಲಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ತಾಳದ ಹೆಂಗಸು ಗಕ್ಕನೆ ನಿಲ್ಲಿಸಿದಳು. ಅವರು ಸ್ವರ ತಪ್ಪಿ, ತಡವರಿಸಿ, ಅದೇ ಸಾಲನ್ನು ಮತ್ತೆ ಹಿಡಿದು ಹಾಡಿ, ಮತ್ತೆ ನಿಲ್ಲಿಸಿ ನೋಡಿದರು. ಈ ಸಲ ಹಿಂದೆ ಹೋಗಲು ನೋಡಿದೆ. ಅವರು ಎಲ್ಲಿ ಏರಿದರು, ಎಲ್ಲಿ ಇಳಿದರು? ನಾನು ಕೇಳಿಸಿಕೊಂಡೇ ಇರಲಿಲ್ಲ. ಅವರು ಹಾಡುತ್ತಿದ್ದಷ್ಟು ಹೊತ್ತೂ ನನ್ನ ಸರದಿ ಬಂದಾಗ ಏನು ನುಡಿಸಲಿ ಅಂತ ಯೋಚಿಸುತ್ತಿದ್ದೆ. ಕೈಯಲ್ಲಿ ಏಳು ಲಿಕ್ ಇದ್ದವು, ಎಲ್ಲವೂ ನನ್ನವು, ಒಂದೂ ಅವರ ಹಿಂದೆ ಹೋಗುವಂಥದ್ದಲ್ಲ. ತಂತಿಯ ಮೇಲೆ ಅಂಗೈ ಇಟ್ಟುಬಿಟ್ಟೆ. ಅವರು ಇನ್ನೊಂದು ಸಲ ನೋಡಿದರು, ಆಮೇಲೆ ನೋಡಲಿಲ್ಲ. ಇಡೀ ವಚನವನ್ನು, ಆಮೇಲೆ ಇನ್ನೂ ಮೂರು ವಚನಗಳನ್ನು, ಬರಿಯ ತಾಳಕ್ಕೆ ಒಬ್ಬರೇ ಹಾಡಿದರು. ಸಾಲಿನ ಕೊನೆಗೆ ಉಸಿರು ಸಾಲುತ್ತಿರಲಿಲ್ಲ. ಹಿಂದೆ ಯಾರೂ ಇಲ್ಲದ್ದರಿಂದ ಅಲ್ಲಿ ನಿಂತು ಉಸಿರು ತೆಗೆದುಕೊಳ್ಳಲೂ ಆಗುತ್ತಿರಲಿಲ್ಲ. ನಾನು ಒಂದು ಮೊಳ ದೂರದಲ್ಲಿ ಗಿಟಾರು ತಬ್ಬಿಕೊಂಡು ಕೂತಿದ್ದೆ.

ಮುಗಿದ ಮೇಲೆ ಮೆಟ್ಟಿಲ ಹತ್ತಿರ ಚಪ್ಪಲಿ ಹುಡುಕುವಾಗ, “ತಪ್ಪಾಯ್ತು ಯಜಮಾನ್ರೇ” ಅಂದೆ. ಆ ಮಾತನ್ನು ಯಾರಿಗಾದರೂ ಹೇಳಿ ಎಷ್ಟು ವರ್ಷವಾಗಿತ್ತೋ.

“ಹೋಗ್ಲಿ ಬಿಡಮ್ಮ” ಅಂದರು. ದನಿ ಪೂರ್ತಿ ಕೂತುಹೋಗಿತ್ತು. “ನಿಂಗೆ ರೂಢಿ ಇಲ್ಲ, ಅಷ್ಟೆ.”

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಅದು ನನಗೆ ಬರುತ್ತದೆ. ರೂಢಿ ಇಲ್ಲ ಅಂದದ್ದು ನಿಜ ತಾನೇ. ಅವರು ಎಲ್ಲರಿಗೂ ಕೇಳುವ ಹಾಗೆ ಹೇಳಲಿಲ್ಲ, ಬೇಸರದಿಂದಲೂ ಹೇಳಲಿಲ್ಲ. ಸೊಂಟದ ಅಳತೆ ಹೇಳುವ ಹಾಗೆ, ಇದ್ದದ್ದು ಇದ್ದಷ್ಟು ಹೇಳಿದರು. ನಲವತ್ತೆಂಟು ವರ್ಷ ನಾನು ಏನೇನೋ ಹೆಸರಿಟ್ಟು ಕರೆದುಕೊಂಡಿದ್ದು ಇದನ್ನೇ.

ಭಾನುವಾರ ಅವರು ಎಂದಿನಂತೆ ಮೇಲೆ ಬಂದರು. ಹಾರ್ಮೋನಿಯಂ ತೆರೆದು, ನಾಲ್ಕು ಮನೆಯ ಮೇಲೆ ಬೆರಳಿಟ್ಟು, ತಲೆ ಬಗ್ಗಿಸಿ ಎಣಿಸಲು ಶುರು ಮಾಡಿದರು.

“ಅದು ಬೇಡ ಇವತ್ತು” ಅಂದೆ. “ಸೋಮವಾರದ್ದು ಹಾಡಿ.”

“ಈಗ್ಯಾಕಮ್ಮ? ಮೇಷ್ಟ್ರ ಗಂಟ್ಲು ಸರಿಯಾಗಿದೆ, ನಾಳೆ ಅವ್ರೇ ಹಾಡ್ತಾರೆ.”

“ಹಾಡ್ರೀ ಅಂದ್ರೆ!”

ಗದರಿಕೆಯೇ ಬಾಯಿಗೆ ಬಂತು, ಏನು ಮಾಡಲಿ. ಅವರು ಮನೆಗಳಿಂದ ಬೆರಳು ತೆಗೆದು ಕೈ ತೊಡೆಯ ಮೇಲಿಟ್ಟುಕೊಂಡರು. ಒಂದು ಸಾಲು ಹಾಡಿದರು. ಈ ಸಲ ನಾನು ಏನನ್ನೂ ಯೋಚಿಸದೆ ಅವರ ಬಾಯಿಯನ್ನೇ ನೋಡುತ್ತಾ ಕೇಳಿದೆ. ನಿಲ್ಲಿಸಿದರು. ಮೊದಲ ಸ್ವರ ಸಿಕ್ಕಿತು, ಎರಡನೆಯದು ಸಿಕ್ಕಿತು, ಮೂರನೆಯದು ಎಲ್ಲಿದೆ ಅಂತ ಆ ಮರಗಟ್ಟಿದ ಬೆರಳಿನಲ್ಲಿ ತಂತಿಯುದ್ದಕ್ಕೂ ತಡಕಾಡಿದೆ. ಬಹಳ ಹೊತ್ತಾಯಿತು. ಇಷ್ಟು ಹೊತ್ತಿಗೆ ಯಾರಾದರೂ ಮುಂದಿನ ಸಾಲಿಗೆ ಹೋಗಿಬಿಡುತ್ತಿದ್ದರು ಅಂದುಕೊಂಡು ತಲೆ ಎತ್ತಿದೆ. ಅವರು ಹೋಗಿರಲಿಲ್ಲ. ಬಾಯಿ ಅರ್ಧ ತೆರೆದುಕೊಂಡು, ಉಸಿರು ಹಿಡಿದು, ನನ್ನ ಮುಖವನ್ನೇ ನೋಡುತ್ತಾ ಕೂತಿದ್ದರು.